ಬಾಗಿಲುಗಳು ಹಲವು, ಓಡಾಡುವವಳು ಒಬ್ಬಳೇ

ಉಡುಪಿ ಜಿಲ್ಲೆಯಲ್ಲಿ ಅಂಗವಿಕಲರಿಗೆ ಸೌಲಭ್ಯವೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಮಣಿಪಾಲದಲ್ಲಿ 1953ರಲ್ಲಿ ಶುರುವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಇದೆ. ಅದರ ಮಗ್ಗುಲಲ್ಲೇ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಮತ್ತು ಶ್ರವಣ ವಿಭಾಗಗಳಿವೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಸಿಗುತ್ತದೆ. ರೆಡ್‌ಕ್ರಾಸ್ ನಡೆಸುವ ಜಿಲ್ಲಾ ಪುನರ್ವಸತಿ ಕೇಂದ್ರವಿದೆ. ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಕಾಪು ತಾಲೂಕಿನ ಪಾಂಬೂರಿನಲ್ಲಿ ಮಾನಸ, ಕಾರ್ಕಳದ ಅಯ್ಯಪ್ಪನಗರದಲ್ಲಿ ವಿಜೇತ, ಮಣಿಪಾಲದಲ್ಲಿ ಆಸರೆ, ಉಡುಪಿಯಲ್ಲಿ ಆಶಾನಿಲಯ ಹೀಗೆ ವಿಶೇಷ ಶಾಲೆಗಳಿಗೂ ಕೊರತೆಯಿಲ್ಲ. ಜಿಲ್ಲಾಡಳಿತದ ಕಚೇರಿಗಳೆಲ್ಲ ಮಣಿಪಾಲದ ರಜತಾದ್ರಿಯಲ್ಲಿ ಒಂದೇ ಸೂರಿನಡಿ ಇವೆ. ರಾಜ್ಯದ ಎಷ್ಟೋ ಜಿಲ್ಲೆಗಳು ಅಸೂಯೆಪಡಬೇಕಾದಷ್ಟು ವ್ಯವಸ್ಥೆ ಇದು.

ಆದರೂ ಕಾರ್ಕಳ ತಾಲೂಕಿನ ಬೈಲೂರಿನ ಒಳಗಿನ ಯಾವುದೋ ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನೋ, ಆಟಿಸಂ ಇರುವ ಇಪ್ಪತ್ತರ ಹುಡುಗನನ್ನೋ ನೋಡಿಕೊಳ್ಳುವ ಅಮ್ಮನನ್ನು ಕೇಳಿದರೆ ಬೇರೆಯೇ ಚಿತ್ರ ಸಿಗುತ್ತದೆ. ವೈದ್ಯರು ಒಂದು ಕಡೆ, ಥೆರಪಿ ಇನ್ನೊಂದು ಕಡೆ, ಶಾಲೆ ಮತ್ತೊಂದು ಕಡೆ. ಪಿಂಚಣಿಗೆ ನಾಡಕಚೇರಿ, ಸಲಕರಣೆಗೆ ಶಿಬಿರ, ವಿಮೆಗೆ ಸಂಸ್ಥೆ, ಪಾಲಕತ್ವಕ್ಕೆ ಜಿಲ್ಲಾಧಿಕಾರಿ. ಪ್ರತಿ ಬಾಗಿಲಲ್ಲೂ ಅವಳು ಮಗನ ಕತೆಯನ್ನು ಮೊದಲಿಂದ ಹೇಳಬೇಕು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು, 'ಈ ಹುಡುಗನಿಗೆ ಈ ವರ್ಷ ಬೇಕಾದದ್ದು ಇಷ್ಟು, ಇದನ್ನು ಇವರು ಮಾಡುತ್ತಾರೆ' ಎಂದು ಬರೆದುಕೊಡುವವರು ಯಾರೂ ಇಲ್ಲ. ಆ ಕೆಲಸ ಸಂಬಳವಿಲ್ಲದೆ, ಹೆಸರಿಲ್ಲದೆ, ಬಹುಮಟ್ಟಿಗೆ ಮನೆಯ ಒಬ್ಬ ಹೆಂಗಸಿನ ಪಾಲಿಗೆ ಬಿದ್ದಿದೆ.

ಕುಟುಂಬದ ಮನೆ ಕರಗಿದ ಮೇಲೆ

ಹಿಂದೆ ಹೀಗಿರಲಿಲ್ಲ ಎನ್ನುವ ಮಾತು ಕರಾವಳಿಯಲ್ಲಿ ಆಗಾಗ ಕೇಳುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಬಂಟರು, ಬಿಲ್ಲವರು, ಮೊಗವೀರರು ಅನುಸರಿಸುತ್ತಿದ್ದ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಕುಟುಂಬದ್ದು. ಯಜಮಾನನೋ ಯಜಮಾನ್ತಿಯೋ ಅದನ್ನು ನೋಡಿಕೊಳ್ಳುವವರು ಮಾತ್ರ. ಮಾತು ಬಾರದ ಮಾವನಿಗೂ ನಡೆಯಲಾಗದ ಚಿಕ್ಕಮ್ಮನಿಗೂ ಆ ಮನೆಯಲ್ಲಿ ಉಣ್ಣುವ, ಮಲಗುವ ಹಕ್ಕಿತ್ತು. ಹತ್ತಾರು ಜನರ ಮನೆಯಲ್ಲಿ ಯಾರಾದರೊಬ್ಬರು ಅವರನ್ನು ಮೀಯಿಸುತ್ತಿದ್ದರು, ಗಂಜಿ ಬಡಿಸುತ್ತಿದ್ದರು.

ಉಳಿದರ್ಧ ಸತ್ಯವನ್ನೂ ಹೇಳಬೇಕು. ಆ ಮಾವ ಶಾಲೆಯ ಮುಖ ಕಂಡಿರಲಿಲ್ಲ. ಮದುವೆ ಮಾತುಕತೆಗೆ ನೆಂಟರು ಬಂದಾಗ ಆತನನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದರು. ಅನ್ನ ಸಿಗುತ್ತಿತ್ತು, ಅವಕಾಶ ಸಿಗುತ್ತಿರಲಿಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಹೆಣ್ಣಿನ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಭೂಸುಧಾರಣೆ ಬಂತು, ಮುಂಬೈ ಕರೆಯಿತು, ಆಮೇಲೆ ಕೊಲ್ಲಿ ರಾಷ್ಟ್ರಗಳು ಕರೆದವು. ಇವತ್ತು ಕಾಪುವಿನಿಂದ ಕಾರ್ಕಳದವರೆಗೆ ದೊಡ್ಡ ಮನೆಗಳಲ್ಲಿ ವಯಸ್ಸಾದ ತಂದೆತಾಯಿ, ಅವರೊಂದಿಗೆ ನಲವತ್ತರ ಪ್ರಾಯದ ಬೌದ್ಧಿಕ ಅಂಗವೈಕಲ್ಯದ ಮಗ. ಉಳಿದ ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ. ದುಡ್ಡು ತಿಂಗಳು ತಿಂಗಳು ಬರುತ್ತದೆ, ಕೈ ಬರುವುದಿಲ್ಲ. ಹತ್ತು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸ ಈಗ ಇಬ್ಬರ ಮೇಲೆ, ಅದೂ ಎಪ್ಪತ್ತು ದಾಟಿದವರ ಮೇಲೆ ಬಿದ್ದಿದೆ. ಹಾಗಾಗಿ ಹೊರಗಿನ ಸೇವೆಗಳನ್ನು ಜೋಡಿಸಿಕೊಳ್ಳುವುದು ಈ ಮನೆಗಳಿಗೆ ಅನಿವಾರ್ಯ.

ಶೇಕಡಾವಾರು ಹೇಳದ ಸಂಗತಿ

ಮೊದಲ ಹೆಜ್ಜೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಈಗ 21. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಆಸಿಡ್ ದಾಳಿಗೆ ತುತ್ತಾದವರು ಎಲ್ಲರೂ ಅದರೊಳಗಿದ್ದಾರೆ. 2011ರ ಜನಗಣತಿ ಕರ್ನಾಟಕದಲ್ಲಿ ಎಣಿಸಿದ್ದು 13.24 ಲಕ್ಷ ಅಂಗವಿಕಲರನ್ನು. ಅದು ಹಳೆಯ ಪಟ್ಟಿಯ ಕಾಲದ ಲೆಕ್ಕ, ನಿಜವಾದ ಸಂಖ್ಯೆ ಅದಕ್ಕಿಂತ ದೊಡ್ಡದೇ ಇರಬೇಕು.

ಕಾರ್ಡಿನಲ್ಲಿ ಪ್ರಮಾಣ ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗಿದ್ದರೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಪಿಂಚಣಿ, ಮೀಸಲಾತಿ, ರೈಲು ರಿಯಾಯಿತಿ, ತೆರಿಗೆ ವಿನಾಯಿತಿ ಬಹುಪಾಲು ಶೇ. 40ರ ಗೆರೆ ಮುಟ್ಟಿದವರಿಗೆ. ಆದ್ದರಿಂದ ಅರ್ಜಿ ಹಾಕುವಾಗ ಹಳೆಯ ಡಿಸ್ಚಾರ್ಜ್ ಸಮ್ಮರಿ, ಐಕ್ಯೂ ಪರೀಕ್ಷೆಯ ವರದಿ, ಶ್ರವಣ ಪರೀಕ್ಷೆಯ ಕಾಗದ ಎಲ್ಲವನ್ನೂ ಒಂದೇ ಫೈಲಿನಲ್ಲಿ ಒಯ್ಯುವುದು ಒಳ್ಳೆಯದು. ಮಕ್ಕಳಿಗೆ ಕೊಡುವ ಪ್ರಮಾಣಪತ್ರ ಕೆಲವೊಮ್ಮೆ ತಾತ್ಕಾಲಿಕವಾಗಿರುತ್ತದೆ. ಅದರ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಬೇಕು.

ಆದರೆ ಈ ಶೇಕಡಾವಾರು ಲೆಕ್ಕಕ್ಕೆ ಒಂದು ಮಿತಿಯಿದೆ. ಇಬ್ಬರ ಕಾರ್ಡಿನಲ್ಲೂ ಶೇ. 75 ಎಂದಿದೆ ಅಂದುಕೊಳ್ಳಿ. ಒಬ್ಬಾಕೆ ಕಾಲಿನ ಬಲ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದಾಳೆ, ಬಿ.ಕಾಂ. ಓದಿದ್ದಾಳೆ. ಅವಳಿಗೆ ಬೇಕಾದದ್ದು ಮನೆಯಿಂದ ರಸ್ತೆಯವರೆಗೆ ಸಮತಟ್ಟಾದ ದಾರಿ, ಇಳಿಜಾರಿರುವ ಶೌಚಾಲಯ, ಪಕ್ಕಕ್ಕೆ ಚಕ್ರ ಜೋಡಿಸಿದ ಸ್ಕೂಟರು, ಒಂದು ಕೆಲಸ. ಇನ್ನೊಬ್ಬನಿಗೆ ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಅಪಸ್ಮಾರ. ಓಡಾಡುತ್ತಾನೆ, ನಗುತ್ತಾನೆ, ಆದರೆ ಬಾವಿಯ ಹತ್ತಿರ ಒಂದು ನಿಮಿಷವೂ ಒಬ್ಬನನ್ನೇ ಬಿಡುವಂತಿಲ್ಲ. ಅವನಿಗೆ ಬೇಕಾದದ್ದು ಹಗಲಿಡೀ ಜೊತೆಗಿರುವ ಮನುಷ್ಯ ಮತ್ತು ತಪ್ಪದೆ ಕೊಡಬೇಕಾದ ಮಾತ್ರೆ. ಸಂಖ್ಯೆ ಒಂದೇ, ಬದುಕು ಬೇರೆ. ಸರಕಾರದ ಯೋಜನೆಗಳು ಸಂಖ್ಯೆಯನ್ನು ನೋಡುತ್ತವೆ. ಬದುಕನ್ನು ನೋಡಿ ಯೋಜನೆ ಹಾಕುವ ಕೆಲಸ ಉಳಿಯುವುದು ಮನೆಯವರಿಗೆ.

ವಾರದ ಲೆಕ್ಕ, ಬಸ್ಸಿನ ಲೆಕ್ಕ

ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳದ ಮೇಲೆ ಮಣಿಪಾಲಕ್ಕೆ ಸುಮಾರು 35 ಕಿಲೋಮೀಟರ್. ವಾರಕ್ಕೆ ಮೂರು ಸಲ ಥೆರಪಿಗೆ ಬನ್ನಿ ಎಂದು ಹೇಳುವುದು ಸುಲಭ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮನೆಯಿಂದ ಹೊರಟು, ತೋಡಿನ ಮೇಲಿನ ಕಾಲುಸಂಕ ದಾಟಿ, ರಸ್ತೆಗೆ ಬಂದು, ಎತ್ತರದ ಮೆಟ್ಟಿಲಿನ ಸರ್ವೀಸ್ ಬಸ್ಸು ಹತ್ತಿ, ಅರ್ಧ ಗಂಟೆಯ ಥೆರಪಿಗೆ ಅರ್ಧ ದಿನ ಕಳೆಯುವುದು ಸುಲಭವಲ್ಲ. ಮಗು ದೊಡ್ಡದಾದಂತೆ ತೂಕ ಹೆಚ್ಚುತ್ತದೆ, ಅಮ್ಮನ ಸೊಂಟನೋವೂ ಹೆಚ್ಚುತ್ತದೆ. ಆಟಿ ತಿಂಗಳ ಮಳೆಯಲ್ಲಿ ಥೆರಪಿ ತಪ್ಪುವುದಕ್ಕೆ ಅಸಡ್ಡೆ ಕಾರಣವಲ್ಲ. ಪಾಚಿ ಕಟ್ಟಿದ ಅಂಗಳ ಮತ್ತು ಸಂಕದ ಮೇಲೆ ಹರಿಯುವ ನೀರು ಕಾರಣ.

ಬಸ್ಸಿನ ವಿಷಯದಲ್ಲಿ ಕರಾವಳಿಗೆ ತನ್ನದೇ ತೊಡಕಿದೆ. ಅಂಗವಿಕಲರಿಗೆ ಕೆಎಸ್‌ಆರ್‌ಟಿಸಿ ಕೊಡುವ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ನಡೆಯುತ್ತದೆ. ಬಯಲುಸೀಮೆಯಲ್ಲಿ ಅದು ದೊಡ್ಡ ಆಸರೆ. ಇಲ್ಲಿ ಹಳ್ಳಿಹಳ್ಳಿಗೆ ಓಡುವುದು ಖಾಸಗಿ ಬಸ್ಸು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗಲೂ ಉಡುಪಿ, ದಕ್ಷಿಣ ಕನ್ನಡದ ಒಳಹಳ್ಳಿಗಳಿಗೆ ಇದೇ ಕಾರಣಕ್ಕೆ ಅದರ ಲಾಭ ಕಡಿಮೆ ಸಿಕ್ಕಿತು. ಪರ್ಸಿನಲ್ಲಿ ಪಾಸಿದ್ದರೂ ಟಿಕೇಟಿಗೆ ದುಡ್ಡು ಕೊಡಬೇಕು. ರಿಕ್ಷಾ ಮಾಡಿದರೆ ತಿಂಗಳ ಪಿಂಚಣಿ ಒಂದೆರಡು ದಿನದ ಓಡಾಟಕ್ಕೇ ಮುಗಿಯುತ್ತದೆ.

ಹೀಗಿರುವಾಗ ಜಾಣತನದ ದಾರಿಯೆಂದರೆ ಥೆರಪಿಯನ್ನು ಮನೆಯ ದಿನಚರಿಗೆ ಸೇರಿಸುವುದು. ಮಣಿಪಾಲಕ್ಕೆ ತಿಂಗಳಿಗೊಮ್ಮೆಯೋ ಎರಡು ಸಲವೋ ಹೋದಾಗ ಥೆರಪಿಸ್ಟ್ ಬಳಿ ಕೇಳಬೇಕಾದ್ದು ಇಷ್ಟೇ: 'ಮನೆಯಲ್ಲಿ ದಿನಾ ಮಾಡಿಸುವ ನಾಲ್ಕು ವ್ಯಾಯಾಮ ಹೇಳಿಕೊಡಿ, ನಾನು ಮಾಡಿಸುವಾಗ ನೀವು ನೋಡಿ ತಿದ್ದಿ, ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಳ್ಳುತ್ತೇನೆ.' ಅಂಗಿಯ ಗುಂಡಿ ಹಾಕುವುದು, ಬಸಳೆ ಎಲೆ ಬಿಡಿಸುವುದು, ಚೊಂಬಿನಿಂದ ನೀರು ಸುರಿಯುವುದು ಆಕ್ಯುಪೇಷನಲ್ ಥೆರಪಿಯ ಭಾಗವೇ ಆಗಬಲ್ಲವು. ಸಲಹೆ ಕೊಡುವವರ ಅರ್ಹತೆಯನ್ನೂ ನೋಡಿಕೊಳ್ಳಬೇಕು. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ.

ಭಾಷೆಯ ಪ್ರಶ್ನೆಯೂ ಇಲ್ಲಿ ದೊಡ್ಡದು. ಮಣಿಪಾಲದಲ್ಲಿ ತರಬೇತಿ ಪಡೆಯುವವರು ಕೇರಳ, ದಿಲ್ಲಿ, ಬಂಗಾಳದಿಂದೆಲ್ಲ ಬಂದವರು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಥೆರಪಿ ಕೋಣೆಯಲ್ಲಿ ಇಂಗ್ಲಿಷ್ ಬೆರೆತ ಕನ್ನಡ. ಮಾತು ತಡವಾದ ಮಗುವಿಗೆ ಗೊಂದಲವಾಗದಿರಲಿ ಎಂದು ಎಷ್ಟೋ ಮನೆಗಳಲ್ಲಿ ತುಳುವನ್ನೇ ಬಿಟ್ಟುಬಿಡುತ್ತಾರೆ. ಅದರ ಅಗತ್ಯವಿಲ್ಲ. ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಎರಡು ಭಾಷೆಯ ಪರಿಸರದಿಂದ ಹಾನಿಯಾಗುವುದಿಲ್ಲ ಎಂದೇ ಈವರೆಗಿನ ಅಧ್ಯಯನಗಳು ತೋರಿಸಿವೆ. ಅಜ್ಜಿ ಆಡುವ ಮಾತು ಅರ್ಥವಾಗದ ಮಗು ತನ್ನ ಮನೆಯಲ್ಲೇ ಪರಕೀಯವಾಗುತ್ತದೆ. ಮನೆಯವರು ಒಂದು ಪುಟದಲ್ಲಿ ಮಗುವಿನ ಮಾತು, ಸನ್ನೆಗಳ ಪಟ್ಟಿ ಬರೆದು ಥೆರಪಿಸ್ಟ್‌ಗೂ ಟೀಚರ್‌ಗೂ ಕೊಟ್ಟರೆ ಅರ್ಧ ಕೆಲಸ ಹಗುರಾಗುತ್ತದೆ.

ಶಾಲೆಯ ಆಯ್ಕೆಯಲ್ಲೂ ಕಾನೂನು ಮನೆಯವರ ಪರ ಇದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರಿ ಶಾಲೆಗೆ ಹಾಕಿದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ, ಯಾರೆಂದು ವಿಚಾರಿಸಬೇಕು. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ. ವಿಶೇಷ ಶಾಲೆಗಳು ಸರಕಾರದ ಶಿಶುಕೇಂದ್ರಿತ ಅನುದಾನ ಮತ್ತು ದಾನಿಗಳ ನೆರವಿನಲ್ಲಿ ನಡೆಯುತ್ತವೆ. ಅಲ್ಲಿನ ಶಿಕ್ಷಕಿಯರಿಗೆ ಸಿಗುವ ಗೌರವಧನ ಅವರ ದುಡಿಮೆಗೆ ಸಾಟಿಯಲ್ಲ ಎಂಬುದನ್ನು ನಾವು ಮರೆಯಬಾರದು.

ಹದಿನೆಂಟು ತುಂಬಿದ ದಿನ

ಮಗನಿಗೆ ಹದಿನೆಂಟು ತುಂಬಿದಾಗ ಎರಡು ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ಉಚಿತ ಶಿಕ್ಷಣದ ಹಕ್ಕು ಅಲ್ಲಿಗೆ ಕೊನೆಯಾಗುತ್ತದೆ. ಕಾನೂನಿನ ಕಣ್ಣಿನಲ್ಲಿ ಅವನು ವಯಸ್ಕ, ಹಾಗಾಗಿ ತಂದೆತಾಯಿ ಅವನ ಸಹಜ ಪಾಲಕರಾಗಿ ಉಳಿಯುವುದಿಲ್ಲ. ಇದು ಹೆಚ್ಚಿನವರಿಗೆ ಗೊತ್ತಾಗುವುದು ಬ್ಯಾಂಕ್ ಕೌಂಟರಿನಲ್ಲಿ, ಅವನ ಹೆಸರಿನ ಠೇವಣಿ ಬಿಡಿಸಲು ಹೋದಾಗ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದಕ್ಕೆ ದಾರಿ ಕೊಟ್ಟಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಅದು ಅನ್ವಯ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದರೆ ಕೋರ್ಟಿನ ಮೆಟ್ಟಿಲು ಹತ್ತದೆ ಪಾಲಕತ್ವದ ಆದೇಶ ಸಿಗುತ್ತದೆ. ಸಮಿತಿಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತಾರೆ. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಆಸ್ತಿ ಕಬಳಿಸುವ ನೆಂಟರಿಂದ ಅಂಗವಿಕಲರನ್ನು ಕಾಯಲು ಇಟ್ಟ ನಿಯಮ ಇದು. ಮಾನಸಿಕ ಕಾಯಿಲೆ ಇರುವವರಿಗೆ ಈ ದಾರಿ ಇಲ್ಲ. ಅವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ತಮ್ಮ ಚಿಕಿತ್ಸೆಯ ವಿಷಯದಲ್ಲಿ ಮಾತಾಡುವ ಪ್ರತಿನಿಧಿಯನ್ನು ತಾವೇ ಹೆಸರಿಸುವ ಹಕ್ಕಿದೆ. ಕಾನೂನಿನ ಸಲಹೆಗೆ ಹಣ ಕೊಡಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ. ಮೊದಲೇ ಇರುವ ಕಾಯಿಲೆ ಎಂಬ ತಕರಾರಿಲ್ಲ, ವೈದ್ಯಕೀಯ ತಪಾಸಣೆಯ ಷರತ್ತಿಲ್ಲ. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಖಾಸಗಿ ವಿಮಾ ಕಂಪನಿಗಳಲ್ಲಿ ಆಟಿಸಂ ಎಂದ ಕೂಡಲೇ ಮುಖ ತಿರುಗಿಸುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪ್ರತಿ ವರ್ಷ ನವೀಕರಿಸುವುದನ್ನು ಮರೆತರೆ ಮಾತ್ರ ಅದು ಇದ್ದೂ ಇಲ್ಲದಂತೆ.

ಹಣದ ಯೋಜನೆಗೆ ಉಡುಪಿಯವರಿಗೆ ಪಾಠ ಹೇಳಬೇಕಾಗಿಲ್ಲ. ದಿನಕ್ಕೆ ಎರಡಾಣೆ ಒಟ್ಟುಮಾಡಿಸಿದ ಪಿಗ್ಮಿ ಠೇವಣಿ 1928ರಲ್ಲಿ ಹುಟ್ಟಿದ್ದು ಇದೇ ಊರಿನ ಸಿಂಡಿಕೇಟ್ ಬ್ಯಾಂಕಿನಲ್ಲಿ. ಆದರೂ ಅಂಗವಿಕಲ ಮಗನ ಹೆಸರಿಗೆ ಮನೆಯನ್ನೇ ಬರೆದಿಟ್ಟು, ಅದನ್ನು ನಡೆಸುವವರು ಯಾರೆಂದು ಬರೆಯದೆ ಕಣ್ಣುಮುಚ್ಚುವ ತಂದೆತಾಯಿ ಇದ್ದಾರೆ. ಮರಣಶಾಸನದ ಜೊತೆ ಒಂದು ಖಾಸಗಿ ಟ್ರಸ್ಟ್ ಮಾಡಿ, ಅಕ್ಕ, ಅಳಿಯ, ಒಬ್ಬ ಹೊರಗಿನವರು ಹೀಗೆ ಮೂವರನ್ನು ಟ್ರಸ್ಟಿಗಳಾಗಿ ಹೆಸರಿಸಿದರೆ ತಿಂಗಳ ಖರ್ಚು ನಿಲ್ಲುವುದಿಲ್ಲ. ತಂದೆ ಅಥವಾ ತಾಯಿ ಸರಕಾರಿ ನೌಕರಿಯಲ್ಲಿದ್ದವರಾದರೆ ಅವಲಂಬಿತ ಅಂಗವಿಕಲ ಮಗ ಅಥವಾ ಮಗಳ ಹೆಸರನ್ನು ಕುಟುಂಬ ಪಿಂಚಣಿಗೆ ಈಗಲೇ ಸೇರಿಸಬೇಕು. ಅವರು ತೀರಿಕೊಂಡ ಮೇಲೆ ದಾಖಲೆ ಹುಡುಕುವುದು ಉಳಿದವರಿಗೆ ನರಕ.

ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವರು

ಈ ಎಲ್ಲ ಸೇವೆಗಳ ನಡುವೆ ಅತಿ ಕಡಿಮೆ ಇರುವುದು ಆರೈಕೆ ಮಾಡುವವರಿಗೆ ಬಿಡುವು. ನೆಂಟರ ಮದುವೆಗೆ ಹೋಗಲು, ತನ್ನದೇ ಗರ್ಭಕೋಶದ ಆಪರೇಷನ್ನಿಗೆ ಸೇರಲು ತಾಯಿಯೊಬ್ಬಳು ಮಗನನ್ನು ನಾಲ್ಕು ದಿನ ಎಲ್ಲಿ ಬಿಡಬೇಕು? ರಾಷ್ಟ್ರೀಯ ನ್ಯಾಸದ ಸಮರ್ಥ ಯೋಜನೆ ಇಂಥ ತಾತ್ಕಾಲಿಕ ವಾಸಕ್ಕೆಂದೇ ಇದೆ, ಹತ್ತಿರದಲ್ಲಿ ಅದನ್ನು ನಡೆಸುವ ಕೇಂದ್ರ ಇದ್ದರೆ ಮಾತ್ರ ಉಪಯೋಗ. ಹೋಂ ನರ್ಸ್‌ಗಳು ಸಿಗುತ್ತಾರೆ, ಆದರೆ ಹೆಚ್ಚಿನವರು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡು ಅಭ್ಯಾಸವಿರುವವರು. ಕಿವಿ ಮುಚ್ಚಿಕೊಂಡು ಚೀರುವ ಇಪ್ಪತ್ತೈದರ ಯುವಕನನ್ನು ಕಂಡು ಎರಡನೇ ದಿನಕ್ಕೆ ಚೀಲ ಕಟ್ಟುತ್ತಾರೆ. ಹೊಸಬರನ್ನು ಏಕಾಏಕಿ ಬಿಟ್ಟುಹೋಗುವ ಬದಲು ಒಂದು ವಾರ ಜೊತೆಗಿದ್ದು, ಅವನು ಸಿಟ್ಟಾಗುವ ಮುನ್ನ ಏನು ಮಾಡುತ್ತಾನೆ, ಏನು ಕೊಟ್ಟರೆ ಸಮಾಧಾನವಾಗುತ್ತಾನೆ ಎಂಬುದನ್ನು ತೋರಿಸಿಕೊಡಬೇಕು.

ನೆರೆಯ ದಕ್ಷಿಣ ಕನ್ನಡ ಒಂದು ಮಾದರಿ ತೋರಿಸಿದೆ. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನೊಂದ ಕುಟುಂಬಗಳು ಕೊಕ್ಕಡದಲ್ಲಿ ವರ್ಷಗಟ್ಟಲೆ ಹೋರಾಡಿದವು. ಪರಿಹಾರದ ಹಣದ ಜೊತೆಗೆ ಅವು ಕೇಳಿ ಪಡೆದದ್ದು ಹಗಲು ಆರೈಕೆಯ ಕೇಂದ್ರಗಳನ್ನು. ತಿಂಗಳ ಮಾಸಾಶನದಷ್ಟೇ ಬೆಲೆ ದಿನಕ್ಕೆ ಸಿಗುವ ಆರು ಗಂಟೆಯ ಬಿಡುವಿಗೂ ಇದೆ ಎಂಬುದನ್ನು ಆ ತಾಯಂದಿರು ಬಲ್ಲರು.

ಬೇರೆಯವರು ಮಾಡಿದ್ದು, ನಾವು ಬರೆದಿಟ್ಟದ್ದು

ಸ್ವೀಡನ್ 1994ರಲ್ಲಿ ಜಾರಿಗೆ ತಂದ ಕಾನೂನಿನಲ್ಲಿ ಹೆಚ್ಚಿನ ನೆರವು ಬೇಕಾದ ವ್ಯಕ್ತಿಗೆ ತನ್ನದೇ ಸಹಾಯಕರನ್ನು ಪಡೆಯುವ ಹಕ್ಕಿದೆ. ಆಸ್ಟ್ರೇಲಿಯಾ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಯೋಜನೆ, ಬೇರೆ ಬಜೆಟ್. ಅಗತ್ಯವಿದ್ದವರಿಗೆ ಸೇವೆಗಳನ್ನು ಜೋಡಿಸಿಕೊಡುವ ಸಂಯೋಜಕರ ವೆಚ್ಚವೂ ಅದರಲ್ಲೇ ಸೇರಿರುತ್ತದೆ. ಖರ್ಚು ಮಿತಿಮೀರಿ ಅಲ್ಲಿನ ಸರಕಾರ ಈಗ ಲಗಾಮು ಹಾಕುತ್ತಿದೆ, ಅದೂ ನಿಜ. ಆದರೆ ಜೋಡಿಸುವುದೇ ಒಂದು ಕೆಲಸ, ಅದಕ್ಕೊಬ್ಬ ಮನುಷ್ಯ ಬೇಕು, ಸಂಬಳ ಬೇಕು ಎಂಬುದನ್ನು ಆ ದೇಶ ಒಪ್ಪಿಕೊಂಡಿದೆ.

ನಮ್ಮ ಕಾಯ್ದೆಯಲ್ಲಿ ಇದರ ಬೀಜ ಇಲ್ಲವೆಂದಲ್ಲ. 2016ರ ಕಾಯ್ದೆಯ 38ನೇ ಕಲಮಿನ ಪ್ರಕಾರ ಹೆಚ್ಚಿನ ನೆರವು ಬೇಕೆನಿಸಿದ ಅಂಗವಿಕಲ ವ್ಯಕ್ತಿ, ಅಥವಾ ಅವರ ಪರವಾಗಿ ಯಾರಾದರೂ, ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಮೌಲ್ಯಮಾಪನ ಮಂಡಳಿ ಪರಿಶೀಲಿಸಿ ವರದಿ ಕೊಡಬೇಕು, ಅದರಂತೆ ನೆರವು ಒದಗಬೇಕು. ಯುಡಿಐಡಿಗೆ ಸಾಲು ನಿಲ್ಲುವ ಎಷ್ಟು ಮನೆಯವರಿಗೆ ಈ ಕಲಮಿನ ಹೆಸರಾದರೂ ಗೊತ್ತು? ಕೇಳುವವರಿಲ್ಲದ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ.

ಇದ್ದುದರಲ್ಲೇ ಜೋಡಿಸುವ ದಾರಿ

ಕರ್ನಾಟಕದ ಬಳಿ ಬೇರೆ ಹಲವು ರಾಜ್ಯಗಳಲ್ಲಿಲ್ಲದ ಒಂದು ಬಲವಿದೆ. ಗ್ರಾಮ ಪಂಚಾಯತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬರು ವಿವಿಧೋದ್ದೇಶ ಕಾರ್ಯಕರ್ತರು. ಇವರೂ ಅಂಗವಿಕಲರೇ, ಹಾಗಾಗಿ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದು ಅವರ ಹೆಚ್ಚಿನ ಸಮಯ ಅರ್ಜಿ ತುಂಬುವುದರಲ್ಲಿ ಮತ್ತು ಸಮೀಕ್ಷೆಯಲ್ಲಿ ಕಳೆಯುತ್ತದೆ. ಅವರಿಗೆ ತರಬೇತಿ ಕೊಟ್ಟು, ಗೌರವಧನ ಹೆಚ್ಚಿಸಿ, ಪ್ರತಿ ಮನೆಗೂ ವರ್ಷದ ಯೋಜನೆ ಬರೆಯುವ ಹೊಣೆ ಒಪ್ಪಿಸಬಹುದು. ಮಣಿಪಾಲದ ಥೆರಪಿ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಕಾರ್ಕಳ, ಕಾಪು, ಹೆಬ್ರಿಯ ಪಂಚಾಯತಿ ಸಭಾಭವನಕ್ಕೆ ಬಂದು ಆ ಯೋಜನೆಗಳನ್ನು ನೋಡಿ ತಿದ್ದಬಹುದು. ಪಂಚಾಯತಿ ಅನುದಾನದಲ್ಲಿ ಅಂಗವಿಕಲರಿಗೆ ಮೀಸಲಾದ ಶೇ. 5ರ ಹಣ ವರ್ಷದ ಕೊನೆಗೆ ತರಾತುರಿಯಲ್ಲಿ ಹಂಚುವ ಸಾಮಾನುಗಳಿಗೆ ಹೋಗುವ ಬದಲು ಥೆರಪಿಯ ರಿಕ್ಷಾ ಬಾಡಿಗೆಗೋ ಕಾಲುಸಂಕದ ಜಾಗದಲ್ಲಿ ಗಾಲಿಕುರ್ಚಿ ದಾಟುವ ಕಿರುಸೇತುವೆಗೋ ಹೋಗಬಹುದು. ಇವಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಜಿಲ್ಲಾ ಪಂಚಾಯತಿಯ ಮನಸ್ಸು ಬೇಕು.

ಅಲ್ಲಿಯವರೆಗೆ ಮನೆಯವರು ಒಂದು ಕೆಲಸ ಮಾಡಬಹುದು. ಈ ಭಾನುವಾರ ಊಟವಾದ ಮೇಲೆ, ದುಬೈಯಲ್ಲಿರುವ ಅಣ್ಣನನ್ನೂ ವಿಡಿಯೋ ಕರೆಯಲ್ಲಿ ಕೂರಿಸಿ, ಒಂದು ನೋಟ್‌ಪುಸ್ತಕ ತೆರೆಯಿರಿ. ನೀವು ನೋಡಿಕೊಳ್ಳುವ ವ್ಯಕ್ತಿಗೆ ಏನು ಇಷ್ಟ, ಏನು ಭಯ, ಯಾವ ಔಷಧ ಎಷ್ಟು ಹೊತ್ತಿಗೆ, ಯಾವ ಕಾಗದ ಎಲ್ಲಿದೆ, ಯಾವುದರ ಅವಧಿ ಯಾವಾಗ ಮುಗಿಯುತ್ತದೆ ಎಂದು ಬರೆಯಿರಿ. ಅವನಿಗೋ ಅವಳಿಗೋ ಮಾತು ಬಂದರೆ ಮೊದಲು ಅವರನ್ನೇ ಕೇಳಿ, ಬಾರದಿದ್ದರೆ ಅವರ ಇಷ್ಟಾನಿಷ್ಟ ಬಲ್ಲವರನ್ನು ಕೇಳಿ. ಪ್ರತಿ ಕೆಲಸದ ಎದುರು ಒಂದು ಹೆಸರು ಇರಲಿ, ಎಲ್ಲ ಸಾಲಿನಲ್ಲೂ ಅಮ್ಮನ ಹೆಸರೇ ಬಾರದಿರಲಿ. ವಿಮೆಯ ನವೀಕರಣ, ಬ್ಯಾಂಕಿನ ಕೆಲಸ, ಆನ್‌ಲೈನ್ ಅರ್ಜಿ ದೂರದಲ್ಲಿರುವವರೂ ಮಾಡಬಹುದಾದ ಕೆಲಸಗಳೇ. ಮರುದಿನ ಪಂಚಾಯತಿಗೆ ಹೋಗಿ ಪುನರ್ವಸತಿ ಕಾರ್ಯಕರ್ತರ ಫೋನ್ ನಂಬರು ತೆಗೆದುಕೊಳ್ಳಿ. ಮಗನಿಗೆ ಹದಿನೇಳು ತುಂಬಿದ್ದರೆ ಪಾಲಕತ್ವದ ಅರ್ಜಿಗೆ ಬೇಕಾದ ದಾಖಲೆಗಳನ್ನು ಈ ತಿಂಗಳೇ ಹೊಂದಿಸಲು ಶುರುಮಾಡಿ, ಮುಂದಿನ ವರ್ಷಕ್ಕೆ ಬಿಡಬೇಡಿ.